ಬೆಟ್ಟ ಹತ್ತೋಕೆ ಬರ್ತಾರೆ, ರಾತ್ರಿ ಉಳಿಯಲ್ಲ: ಛತ್ರಗಳ ಬಾಗಿಲು ತೆರೆದರೆ ಲಾಭ ಯಾರಿಗೆ?

ಶಿರಾ: ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಲು ಬೆಂಗಳೂರಿನಿಂದ ಬರುವ ಬಹಳಷ್ಟು ಮಂದಿ ನಸುಕಿನಲ್ಲೇ ಹೊರಟು, ಮಧ್ಯಾಹ್ನ ಇಳಿದು, ಊಟ ಮುಗಿಸಿ ಗಾಡಿ ತಿರುಗಿಸುತ್ತಾರೆ. ದೂರ ಸುಮಾರು 100 ಕಿ.ಮೀ. ಅಷ್ಟೆ. ಊರಿನ ಅಂಗಡಿಗೆ ಸಿಗೋದು ನೀರಿನ ಬಾಟಲಿ, ಬಿಸ್ಕತ್ತಿನ ವ್ಯಾಪಾರ. ರಾತ್ರಿ ತಂಗಿದರೆ ಲೆಕ್ಕವೇ ಬೇರೆ: ಬಾಡಿಗೆ, ರಾತ್ರಿ ಊಟ, ಬೆಳಗಿನ ತಿಂಡಿ, ಆಟೋ ಎಲ್ಲವೂ ಸೇರುತ್ತದೆ.

ಶಿರಾ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 69 ಕೊನೆಗೆ ಮುಟ್ಟುವುದು ಕಡಲತೀರದ ಹೊನ್ನಾವರವನ್ನು. ಅದೇ ಜಿಲ್ಲೆಯ ಗೋಕರ್ಣದಲ್ಲಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ನಡುವೆ ಗುಡ್ಡದ ಕಾಲುದಾರಿ ಇದೆ. ಅಲ್ಲಿ ನಡೆಯಲು ಬಂದವರು ಊರಲ್ಲೇ ರೂಮು ಮಾಡುತ್ತಾರೆ. ಯಾತ್ರಿಕರನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಅಲ್ಲಿ ಹಳೇ ರೂಢಿ.

ನಮ್ಮ ಜಿಲ್ಲೆಗೂ ಇದು ಹೊಸದಲ್ಲ. ಬೆಂಗಳೂರು ರೈಲು ನಿಲ್ದಾಣದ ಎದುರು 1903ರಲ್ಲಿ ಆರಂಭವಾದ ಧರ್ಮಛತ್ರ ಕಟ್ಟಿಸಿದವರು ಗುಬ್ಬಿ ತೋಟದಪ್ಪ.

ಹಾಗಾದರೆ ಬೆಟ್ಟದ ಬುಡದಲ್ಲೇ ಲಾಡ್ಜ್ ಕಟ್ಟಬಹುದಲ್ಲ? ಅದು ಸುಲಭವಿಲ್ಲ. ಮಧುಗಿರಿ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿ ಕಾಯ್ದೆಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ನಂತರದ 200 ಮೀಟರ್‌ನಲ್ಲಿ ಅನುಮತಿ ಬೇಕು. ಆದ್ದರಿಂದ ಇರುವ ಕಟ್ಟಡಗಳನ್ನೇ ಬಳಸುವುದು ಹತ್ತಿರದ ದಾರಿ.

ಇಲ್ಲೇ ಒಂದು ಅನುಕೂಲವಿದೆ. ಧನುರ್ಮಾಸದಲ್ಲಿ ಮದುವೆ ಮುಹೂರ್ತ ಇರಲ್ಲ, ಛತ್ರಗಳು ಖಾಲಿ ಬೀಳುತ್ತವೆ. ಬಂಡೆ ಕಾಯದೆ ಬೆಟ್ಟ ಹತ್ತಲು ಹದವಾಗಿರೋದೂ ಅದೇ ಡಿಸೆಂಬರ್–ಜನವರಿಯ ಚಳಿಯಲ್ಲಿ. ವಧು-ವರರ ಕಡೆಯವರಿಗೆಂದು ಕಟ್ಟಿಸಿದ ಕೋಣೆಗಳನ್ನು ಆ ತಿಂಗಳು ಚಾರಣಿಗರಿಗೆ ಕೊಟ್ಟರೆ ಹೊಸ ಬಂಡವಾಳವೇ ಬೇಡ. ಬಿಸಿನೀರು, ಶುಚಿಯಾದ ಶೌಚಾಲಯ, ಗುರುತಿನ ಚೀಟಿ ನೋಡಿ ಬರೆದುಕೊಳ್ಳುವ ರಿಜಿಸ್ಟರ್ ಇದ್ದರೆ ಆರಂಭಕ್ಕೆ ಸಾಕು.

ಉಳಿಯಲು ಕಾರಣವೂ ಬೇಕಲ್ಲ? ಶಿರಾದಲ್ಲಿ 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ, ಕೋಟೆ ಇವೆ. ಮೊದಲ ದಿನ ಇವನ್ನು ನೋಡಿ ರಾತ್ರಿ ತಂಗಿದರೆ, ಮರುದಿನ ಬಿಸಿಲೇರುವ ಮೊದಲೇ ಮಧುಗಿರಿ ಹತ್ತಬಹುದು.

ಛತ್ರಗಳ ಆಡಳಿತ ಮಂಡಳಿ, ವರ್ತಕರು, ನಗರಸಭೆ ಒಟ್ಟಿಗೆ ಕೂತು ಕೋಣೆ, ದರ, ಫೋನ್ ನಂಬರಿನ ಒಂದು ಪಟ್ಟಿ ಮಾಡಿ ಬಸ್ ನಿಲ್ದಾಣದಲ್ಲಿ ಹಾಕಲಿ. ಧನುರ್ಮಾಸ ಬರುವಷ್ಟರಲ್ಲಿ ಇಷ್ಟಾದರೂ ಆಗಬೇಕು.