ಹಳೆಯ ಗಣಕಯಂತ್ರದೊಳಗಿನ ಮನೆತನದ ಚಿತ್ರಗಳು

ಮನೆಗೆ ಹೊಸ ಗಣಕಯಂತ್ರವು ಬಂದೊಡನೆ ಹಳೆಯದಕ್ಕೆ ಅಟ್ಟವೇ ಗತಿಯಾಗುವುದು. ಅಲ್ಲಿ ಅದು ನಾಲ್ಕಾರು ವರ್ಷ ಧೂಳು ತಿಂದು, ಒಂದು ದಿನ ಗುಜರಿಯವನ ತಕ್ಕಡಿಯನ್ನು ಏರುವುದು. ಕಬ್ಬಿಣದ ಬೆಲೆಗೆ ಹೋಗುವ ಆ ಪೆಟ್ಟಿಗೆಯೊಳಗೆ ಅಜ್ಜಿಯ ಕೊನೆಯ ಯುಗಾದಿ, ಮಗಳ ಮದುವೆಯ ಅಕ್ಷತೆ, ಸಿದ್ಧೇಶ್ವರನ ಜಾತ್ರೆಯಲ್ಲಿ ತಂದೆಯ ಹೆಗಲೇರಿ ಕುಳಿತ ಮಗು, ಇವೆಲ್ಲವೂ ಇರುವುವೆಂಬ ಎಚ್ಚರವು ಆ ಹೊತ್ತಿಗೆ ಯಾರಿಗೂ ಇರುವುದಿಲ್ಲ. ಹಿಂದಿನ ಕಾಲದ ಭಾವಚಿತ್ರವು ಗೋಡೆಯ ಮೇಲಿದ್ದು ತನ್ನ ಇರವನ್ನು ದಿನವೂ ನೆನಪಿಗೆ ತರುತ್ತಿತ್ತು. ಈಗಿನ ಚಿತ್ರಕ್ಕೆ ಆ ಭಾಗ್ಯವಿಲ್ಲ. ಯಂತ್ರವು ಎದ್ದರೆ ಅದು ಉಂಟು, ಏಳದಿದ್ದರೆ ಇಲ್ಲ. ಆದುದರಿಂದ ಈ ತಿಂಗಳು ಗೃಹಸ್ಥರಲ್ಲಿ ಈ ವಿಷಯವಾಗಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದಿರುವೆವು.

ಇದಕ್ಕೆ ಕಾಲವೂ ಕೂಡಿ ಬಂದಿದೆ. ವಿಂಡೋಸ್ ಎಕ್ಸ್‌ಪಿ ಎಂಬ ವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಬೆಂಬಲವು ೨೦೧೪ರಲ್ಲಿಯೇ ಮುಗಿದಿತ್ತು; ವಿಂಡೋಸ್ ೧೦ಕ್ಕೆ ಇದ್ದ ಸಾಮಾನ್ಯ ಬೆಂಬಲವೂ ೨೦೨೫ನೆಯ ಅಕ್ಟೋಬರ ೧೪ಕ್ಕೆ ಮುಗಿಯಿತು. ಇದರಿಂದ ಯಂತ್ರವನ್ನು ಬದಲಿಸುವ ವಿಚಾರವು ಅನೇಕ ಮನೆಗಳಲ್ಲಿ ಹುಟ್ಟಿದೆ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ವಿಜಯಪುರದ ಪೇಟೆಗೆ ಬಂದವರು ಗಾಂಧಿ ಚೌಕವನ್ನು ಹಾಯದೆ ಮರಳುವುದು ವಿರಳ. ಹೊಸ ಯಂತ್ರವನ್ನು ಕೊಂಡು ಗಾಡಿಯಲ್ಲಿಡುವುದು ಒಂದು ತಾಸಿನ ಕೆಲಸವು. ಹಳೆಯದರ ಒಳಗಿನದನ್ನು ಕೆಡದಂತೆ ಹೊಸದಕ್ಕೆ ಸಾಗಿಸುವುದು ತಾಳ್ಮೆಯ ಕೆಲಸವು. ಅದನ್ನು ಮನೆಯವರೇ ಮಾಡಬೇಕು.

ಈ ಕೆಲಸದ ಮರ್ಮವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಇದೇ ವಿಜಯಪುರದಲ್ಲಿದ್ದು ಶ್ರೀ ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಊರೂರಿಂದ ಕೂಡಿಸಿದರು. ೧೯೨೩ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲನೆಯ ಭಾಗವನ್ನು ಹೊರತಂದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಹನ್ನೆರಡನೆಯ ಶತಮಾನದ ನುಡಿಯು ಅವರ ಕೈಗೆ ಮುಟ್ಟಿದ್ದು ಹೇಗೆ? ಮೂಲದ ಓಲೆಯೇ ಎಂಟು ನೂರು ವರ್ಷ ಬಾಳಿತೆಂದಲ್ಲ. ಓಲೆಯು ಜೀರ್ಣವಾಗುವುದಕ್ಕೆ ಮುಂಚೆ ಯಾರೋ ಒಬ್ಬ ಪುಣ್ಯಾತ್ಮನು ಅದನ್ನು ಹೊಸ ಗರಿಗೆ ಇಳಿಸಿಕೊಳ್ಳುತ್ತ ಬಂದನು. ಇನ್ನೊಂದು ಸಂಗತಿಯನ್ನೂ ಲಕ್ಷಿಸತಕ್ಕದ್ದು. ಕಟ್ಟು ಬಿಚ್ಚಿ ಗರಿಗಳು ಚದುರಿದರೂ ವಚನವು ಯಾರದೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಏಕೆಂದರೆ ಅಂಕಿತವು ವಚನದ ಒಳಗೇ ಇದೆ. 'ಕೂಡಲಸಂಗಮದೇವ' ಎಂದೊಡನೆ ಬಸವಣ್ಣನವರು, 'ಗುಹೇಶ್ವರ' ಎಂದೊಡನೆ ಅಲ್ಲಮಪ್ರಭುಗಳು. ಮನೆಯ ಚಿತ್ರಗಳಿಗೂ ಇವೆರಡೇ ರಕ್ಷೆಗಳು: ಕಾಲಕ್ಕೆ ಸರಿಯಾಗಿ ಪ್ರತಿ ಮಾಡುವುದು, ಪ್ರತಿಯೊಂದು ಚಿತ್ರದೊಳಗೆ ಅದರ ಅಂಕಿತವನ್ನಿಡುವುದು.

ಚಿತ್ರವು ಹೋದರೆ ಏನು ಹೋಗುವುದೆಂಬುದನ್ನು ಕೃಷ್ಣೆಯ ದಂಡೆಯ ಮನೆತನಗಳು ಬಲ್ಲವು. ಆಲಮಟ್ಟಿಯ ಆಣೆಕಟ್ಟು ೨೦೦೫ರಲ್ಲಿ ಪೂರ್ಣವಾಯಿತು. ಅದರ ಹಿನ್ನೀರಿನಲ್ಲಿ ಹಲವು ಹಳ್ಳಿಗಳೂ ಹಳೆಯ ಬಾಗಲಕೋಟೆಯ ಭಾಗಗಳೂ ಮುಳುಗಡೆಯಾದವು. ಡಿಜಿಟಲ್ ಕ್ಯಾಮರಾ ಮನೆಗಳಿಗೆ ಕಾಲಿಡತೊಡಗಿದ್ದೂ ಅದೇ ಸುಮಾರಿಗೆ. ಊರು ಬಿಡುವ ಮುಂಚೆ ಹೊಸ್ತಿಲು, ತೊಲೆಗಂಬ, ಓಣಿ, ಗುಡಿಗಳನ್ನು ಅದರಿಂದ ತೆಗೆದುಕೊಂಡವರಿದ್ದರೆ, ಆ ಚಿತ್ರವೇ ಇಂದು ಆ ಮನೆಯು. ಅದಕ್ಕೆ ಎರಡನೆಯ ಸಾಕ್ಷಿಯಿಲ್ಲ.

ಇನ್ನು ಕ್ರಮವನ್ನು ಹೇಳುವೆವು. ಹಳೆಯ ಯಂತ್ರವು ಏಳುವುದಿಲ್ಲವೆಂದರೆ ಚಿತ್ರಗಳು ಹೋದವೆಂದು ತಿಳಿಯಬಾರದು. ಬಹಳ ಸಲ ಕೆಟ್ಟಿರುವುದು ವಿದ್ಯುತ್ತನ್ನು ಒದಗಿಸುವ ಭಾಗ ಇಲ್ಲವೆ ವಿಂಡೋಸ್ ಮಾತ್ರ. ಚಿತ್ರಗಳಿರುವ ಹಾರ್ಡ್ ಡಿಸ್ಕು ನೆಟ್ಟಗಿರುತ್ತದೆ. ಅದನ್ನು ಹೊರತೆಗೆದು, ಯು.ಎಸ್.ಬಿ. ಅಡಾಪ್ಟರಿನ ಮೂಲಕ ಹೊಸ ಯಂತ್ರಕ್ಕೆ ಜೋಡಿಸಿದರೆ ಪೆನ್ ಡ್ರೈವಿನಂತೆ ತೆರೆದುಕೊಳ್ಳುವುದು. ಬಹಳ ಹಳೆಯ ಡಿಸ್ಕಿಗೆ ಅಗಲವಾದ ಪಟ್ಟಿಯಂತಹ ತಂತಿಯಿರುವುದು, ಅದು ಐ.ಡಿ.ಇ. ಬಗೆಯದು. ಅನಂತರದ್ದು ಸಾಟಾ. ಅಡಾಪ್ಟರನ್ನು ಕೊಳ್ಳುವಾಗ ಈ ಭೇದವನ್ನು ನೋಡಬೇಕು. ಡಿಸ್ಕಿನಿಂದ ಟಕ್ ಟಕ್ ಎಂಬ ಸಪ್ಪಳ ಬಂದರೆ ಆ ಕ್ಷಣವೇ ಆರಿಸಿ, ತಿಳಿದವರ ಕೈಗೆ ಒಪ್ಪಿಸತಕ್ಕದ್ದು. ಮತ್ತೆ ಮತ್ತೆ ಹಚ್ಚಿ ನೋಡುವುದರಿಂದ ಉಳಿದದ್ದೂ ಕೆಡುವುದು. ಸಿ.ಡಿ.ಗಳಲ್ಲಿ ಬರೆಯಿಸಿಟ್ಟ ಚಿತ್ರಗಳಿದ್ದರೆ ಅವನ್ನೂ ಈಗಲೇ ತೆಗೆಯುವುದು ಯೋಗ್ಯವು. ಮನೆಯಲ್ಲಿ ಬರೆದ ಸಿ.ಡಿ.ಯ ಬಣ್ಣದ ಪದರವು ಬಿಸಿಲಿಗೂ ಸೆಕೆಗೂ ಮಾಸುತ್ತದೆ. ನಮ್ಮ ಕಡೆಯ ಬೇಸಗೆಯಲ್ಲಿ ಅಟ್ಟದ ಸೆಕೆಯು ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಅಳಿಸಿಹೋದ ಚಿತ್ರಗಳ ಮಾತು ಬೇರೆ. ಅಳಿಸಿದಾಗ ಹಾರ್ಡ್ ಡಿಸ್ಕು ಸಾಮಾನ್ಯವಾಗಿ ಚಿತ್ರದ ವಿಳಾಸವನ್ನು ಮಾತ್ರ ಮರೆಯುವುದು. ಆ ಜಾಗದಲ್ಲಿ ಬೇರೆ ಬರಹವು ಬೀಳುವವರೆಗೆ ಚಿತ್ರವು ಅಲ್ಲಿಯೇ ಇರುತ್ತದೆ. ಆದಕಾರಣ ಅಂತಹ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯಕೂಡದು. ಫೋಟೋರೆಕ್ ಎಂಬ ಉಚಿತ ಸಾಧನವು ಇಂತಹ ಚಿತ್ರಗಳನ್ನು ಅವುಗಳ ರಚನೆಯ ಗುರುತಿನಿಂದಲೇ ಹುಡುಕಿ ತೆಗೆಯುವುದು. ಆದರೆ ಫೈಲಿಗೆ ಇಟ್ಟಿದ್ದ ಹೆಸರೂ ಫೋಲ್ಡರಿನ ಹೆಸರೂ ಮರಳಿ ಬರುವುದಿಲ್ಲ. ಸಾವಿರ ಚಿತ್ರಗಳು ಸಾವಿರ ಅಂಕಿಗಳಾಗಿ ಎದುರು ನಿಲ್ಲುವುವು. ಅಂಕಿತದ ಬೆಲೆಯು ಆಗ ತಿಳಿಯುವುದು.

ಅಂಕಿತಕ್ಕೆ ಹಾನಿಯಾಗುವ ಇನ್ನೂ ಮೂರು ಎಡೆಗಳುಂಟು. ಮೊದಲನೆಯದು ಪಿಕಾಸಾ. ಗೂಗಲ್ ಸಂಸ್ಥೆಯು ೨೦೦೪ರಲ್ಲಿ ಕೊಂಡು ೨೦೧೬ರಲ್ಲಿ ನಿಲ್ಲಿಸಿದ ಈ ಸಾಧನದಲ್ಲಿ ಅನೇಕರು ತಮ್ಮ ಚಿತ್ರಗಳನ್ನು ಜೋಡಿಸಿಟ್ಟಿದ್ದರು. ಅದರಲ್ಲಿ ಚಿತ್ರದ ಕೆಳಗೆ ಬರೆದ ವಾಕ್ಯವು ಜೆಪೆಗ್ ಚಿತ್ರದೊಳಗೇ ಸೇರುತ್ತಿತ್ತು. ಆದರೆ ಮುಖಗಳಿಗೆ ಕೊಟ್ಟ ಹೆಸರುಗಳ ಲೆಕ್ಕವೂ ಉಳಿಸದೆ ಬಿಟ್ಟ ತಿದ್ದುಪಡಿಗಳ ಲೆಕ್ಕವೂ ಫೋಲ್ಡರಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಫೈಲಿನಲ್ಲಿ ಇರುತ್ತಿದ್ದವು. ತಿದ್ದಿ ಉಳಿಸಿದ ಚಿತ್ರದ ಮೂಲಪ್ರತಿಯು ಮರೆಯಾದ ಒಳಫೋಲ್ಡರಿನಲ್ಲಿ ಇರುತ್ತಿತ್ತು. ಕಾಣುವ ಚಿತ್ರಗಳನ್ನು ಮಾತ್ರ ಆರಿಸಿಕೊಂಡರೆ ಇವೆಲ್ಲ ಹಿಂದೆ ಉಳಿಯುವುವು. ಆದುದರಿಂದ ಫೋಲ್ಡರನ್ನು ಇಡಿಯಾಗಿ ಪ್ರತಿ ಮಾಡಬೇಕು; ಕತ್ತರಿಸಿ ಸಾಗಿಸಬಾರದು.

ಎರಡನೆಯದು ತಾರೀಖು. ಕ್ಯಾಮರಾ ಚಿತ್ರದೊಳಗೆ ತೆಗೆದ ದಿನ ಮತ್ತು ವೇಳೆಗಳನ್ನು ಎಕ್ಸಿಫ್ ಎಂಬ ಕ್ರಮದಲ್ಲಿ ಬರೆದಿಡುವುದು. ಪ್ರತಿ ಮಾಡಿದಾಗ ಫೈಲಿನ ಹೊರಗೆ ಹೊಸ ತಾರೀಖು ಕಂಡರೂ ಒಳಗಿನದು ಹಾಗೆಯೇ ಇರುತ್ತದೆ. ಆದರೆ ವಾಟ್ಸಾಪಿನ ಮೂಲಕ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಈ ಒಳಬರಹವೂ ಹೋಗುವುದು, ಚಿತ್ರವೂ ಕಿರಿದಾಗುವುದು. ಮನೆತನದ ಭಂಡಾರವನ್ನು ಸಾಗಿಸಲು ಅದು ತಕ್ಕ ದಾರಿಯಲ್ಲ.

ಮೂರನೆಯದು ನಮ್ಮ ಕನ್ನಡದ್ದು. ಚಿತ್ರಗಳ ಪಟ್ಟಿಯನ್ನು ಹಳೆಯ ನುಡಿ ಇಲ್ಲವೆ ಬರಹದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದರೆ, ಆ ಲಿಪಿಯಿಲ್ಲದ ಹೊಸ ಯಂತ್ರದಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುವುದು. ಅದನ್ನು ಎಸೆಯಬಾರದು, ಯುನಿಕೋಡಿಗೆ ಪರಿವರ್ತಿಸುವ ಸಾಧನಗಳುಂಟು. ಹಾಗೆಯೇ ೨೦೧೪ನೆಯ ನವೆಂಬರ ೧ರಂದು ನಮ್ಮ ಊರು 'ಬಿಜಾಪುರ' ಹೋಗಿ 'ವಿಜಯಪುರ'ವಾಯಿತು. ಅದಕ್ಕೆ ಮುಂಚಿನ ಫೋಲ್ಡರುಗಳನ್ನು ಹಳೆಯ ಹೆಸರಿನಿಂದಲೇ ಹುಡುಕಬೇಕು.

ಪ್ರತಿಯು ಮುಗಿದ ಮೇಲೆ ಮನೆಯ ಹಿರಿಯರನ್ನು ಪರದೆಯ ಮುಂದೆ ಕೂಡ್ರಿಸಿಕೊಳ್ಳಿರಿ. ಇವರು ಯಾರು, ಯಾವ ಊರು, ಯಾರ ಮದುವೆ ಎಂದು ಕೇಳಿ, ಡಿಜಿಕ್ಯಾಮಿನಂತಹ ಉಚಿತ ಸಾಧನದಿಂದ ಆ ಹೆಸರುಗಳನ್ನು ಚಿತ್ರದ ಫೈಲಿನೊಳಗೇ ಬರೆಯಿರಿ. ದಿನಕ್ಕೆ ಹತ್ತು ಚಿತ್ರಗಳಾದರೂ ಸಾಕು. ಕೆಟ್ಟ ಹಾರ್ಡ್ ಡಿಸ್ಕಿನಿಂದ ಚಿತ್ರವನ್ನು ಎತ್ತಿ ಕೊಡುವ ಕುಶಲರು ದೊರೆಯುವರು. ಸೋದರತ್ತೆಯ ಪಕ್ಕದಲ್ಲಿ ನಿಂತ ಹೆಂಗಸಿನ ಹೆಸರನ್ನು ಅತ್ತೆಯು ತೀರಿದ ಮೇಲೆ ಎತ್ತಿ ಕೊಡುವ ಕುಶಲರು ಎಲ್ಲಿಯೂ ಇಲ್ಲ. ಯಂತ್ರಕ್ಕಿಂತ ಮೊದಲು ಬತ್ತುವ ಭಂಡಾರವು ಇದೇ ಎಂಬುದನ್ನು ವಾಚಕರು ಮರೆಯಬಾರದು.

ಕೊನೆಯದಾಗಿ, ಒಂದೇ ಪ್ರತಿಯನ್ನು ನೆಚ್ಚಬೇಡಿರಿ. ಹೊಸ ಯಂತ್ರದಲ್ಲಿ ಒಂದು, ಬೇರೆ ಡಿಸ್ಕಿನಲ್ಲಿ ಒಂದು, ಬೇರೆ ಊರಿನಲ್ಲಿರುವ ಮಗಳ ಇಲ್ಲವೆ ತಮ್ಮನ ಮನೆಯಲ್ಲಿ ಒಂದು, ಹೀಗೆ ಮೂರಾಗಲಿ. ಚಿತ್ರಗಳ ಸಂಖ್ಯೆಯನ್ನು ಹಳೆಯದರೊಡನೆ ತಾಳೆ ನೋಡಿ, ಅಲ್ಲಲ್ಲಿ ತೆರೆದು ಪರೀಕ್ಷಿಸಿದ ಮೇಲೆಯೇ ಹಳೆಯ ಡಿಸ್ಕನ್ನು ಪೂರ್ಣವಾಗಿ ಅಳಿಸಿ ಗುಜರಿಗೆ ಕೊಡಬಹುದು. ನಮ್ಮ ಪೇಟೆಯ ವ್ಯಾಪಾರಿಗಳು ದೀಪಾವಳಿಯ ಪಾಡ್ಯಕ್ಕೆ ಹೊಸ ಖಾತೆಯ ಪುಸ್ತಕವನ್ನು ಪೂಜಿಸಿ, ಹಳೆಯ ಬಾಕಿಯನ್ನು ಹೆಸರು ಸಹಿತ ಅದಕ್ಕೆ ಇಳಿಸಿಕೊಳ್ಳುವರು. ಹೆಸರಿಲ್ಲದ ಬಾಕಿಯು ವಸೂಲಾಗದೆಂಬುದನ್ನು ಅವರು ಬಲ್ಲರು. ಗೃಹಸ್ಥರೂ ವರ್ಷಕ್ಕೊಂದು ದಿನ ತಮ್ಮ ಚಿತ್ರಗಳ ಖಾತೆಯನ್ನು ಹೀಗೆಯೇ ನೋಡಿಕೊಳ್ಳುವುದಾದರೆ, ಮೊಮ್ಮಕ್ಕಳ ಕಾಲಕ್ಕೆ ಆ ಮುಖಗಳು ಹೆಸರು ಸಹಿತ ಉಳಿದಿರುವುವು.