ಬಂಡೀಪುರಕ್ಕೆ ಸೇತುವೆಯ ನೆಪ ಬೇಡ



ಬಂಡೀಪುರ ಹುಲಿ ಮೀಸಲು ಅರಣ್ಯದ ಹೆದ್ದಾರಿಯಲ್ಲಿನ ರಾತ್ರಿ ಸಂಚಾರ ನಿಷೇಧ ತೆಗೆಯಬೇಕು ಎನ್ನುವವರು ಪ್ರತಿ ಸಲವೂ ಮೇಲ್ಸೇತುವೆಯ ಮಾತೆತ್ತುತ್ತಾರೆ. ಮೇಲೆ ಲಾರಿ ಓಡಲಿ, ಕೆಳಗೆ ಆನೆ ನಡೆಯಲಿ ಎಂಬ ವಾದ. 2018ರಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯವೂ ತಲಾ ಒಂದು ಕಿ.ಮೀ. ಉದ್ದದ ಐದು ಸೇತುವೆಗಳ ಪ್ರಸ್ತಾವ ಇಟ್ಟಿತ್ತು. ಪ್ರಾಣಿಗಳಿಗೆ ಇಂಥ ದಾಟುದಾರಿ ಬೇಕೇ ಬೇಕು ಎನ್ನುವ ನಾನು ಬಂಡೀಪುರದಲ್ಲಿ ಅದನ್ನು ಒಪ್ಪಲಾರೆ.

ಎಲ್ಲರೂ ತೋರಿಸುವ ಉದಾಹರಣೆ ಪೆಂಚ್ ಹುಲಿ ಮೀಸಲು ಅರಣ್ಯ. ಅಲ್ಲಿ 44ನೇ ಹೆದ್ದಾರಿ ಹಗಲೂ ರಾತ್ರಿ ತೆರೆದೇ ಇರುವ ರಸ್ತೆ; ಅದು ನಾಲ್ಕು ಪಥವಾಗುವಾಗ ಮಹಾರಾಷ್ಟ್ರದ ಭಾಗದಲ್ಲಿ ಪ್ರಾಣಿಗಳಿಗಾಗಿ ಒಂಬತ್ತು ಕೆಳದಾರಿಗಳನ್ನು ಕಟ್ಟಿದರು. ಉದ್ದನೆಯದು 750 ಮೀಟರ್. 2019ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯ ಕ್ಯಾಮೆರಾಗಳಿಗೆ ಹುಲಿ, ಸೀಳುನಾಯಿ, ಜಿಂಕೆ ಸೇರಿ 18 ಜಾತಿಯ ಪ್ರಾಣಿಗಳು ಸಿಕ್ಕವು. ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇಡೀ ರಸ್ತೆಯೇ ದಾಟುದಾರಿ. ಆಂಬುಲೆನ್ಸ್‌ಗೂ ಕೆಲವು ಬಸ್ಸುಗಳಿಗೂ ಅಡ್ಡಿಯಿಲ್ಲ. ಈ ರಸ್ತೆಯನ್ನು ನೆಚ್ಚಿದ ಕೇರಳದ ವಯನಾಡಿನವರ ಕಷ್ಟ ಸುಳ್ಳಲ್ಲ. ಅವರಿಗೆ ಹುಣಸೂರು–ಗೋಣಿಕೊಪ್ಪ–ಕುಟ್ಟ ರಸ್ತೆಯನ್ನು ಸದಾ ಸುಸ್ಥಿತಿಯಲ್ಲಿಡುವುದು ಸರ್ಕಾರದ ಹೊಣೆ. ಕಾಡಿನ ನಡುಮಧ್ಯೆ ಕಂಬ ಎಬ್ಬಿಸಲು ವರ್ಷಗಟ್ಟಲೆ ಜೆಸಿಬಿ, ಕಾಂಕ್ರೀಟ್ ಲಾರಿ, ಕೂಲಿಗಳ ಶೆಡ್ಡು ಒಳಗೆ ಬಂದರೆ ಆನೆಗಳು ಅಷ್ಟು ದಿನ ಎಲ್ಲಿಗೆ ಹೋಗಬೇಕು?

ದಾಟುದಾರಿ ತುರ್ತಾಗಿ ಬೇಕಿರುವುದು ನಮ್ಮ ಘಟ್ಟದ ರಸ್ತೆಗಳಿಗೆ. ಅಗಲೀಕರಣ ನಡೆದ ಕಡೆ ಒಮ್ಮೆ ಇಳಿದು ನೋಡಿ. ಒಂದು ಬದಿ ನೆಟ್ಟಗೆ ಕಡಿದ ಗುಡ್ಡ, ಇನ್ನೊಂದು ಬದಿ ತಡೆಗೋಡೆ. ನಡುವೆ ಸಿಕ್ಕಿಬಿದ್ದ ಕಡವೆ ಹತ್ತಲೂ ಆಗದೆ, ಇಳಿಯಲೂ ಆಗದೆ ಹೆಡ್‌ಲೈಟಿನ ಮುಂದೆ ಟಾರಿನ ಮೇಲೇ ಓಡುತ್ತದೆ. ಮೋರಿಯ ಪೈಪು ಕೆಳಬದಿಯಲ್ಲಿ ಆಳೆತ್ತರದಿಂದ ನೀರು ಸುರಿಸುವಂತಿದ್ದರೆ ಆಮೆಯಾಗಲಿ, ಮುಳ್ಳುಹಂದಿಯಾಗಲಿ ಅದರೊಳಗೆ ನುಸುಳಿ ಆಚೆ ಹೋಗಲಾರವು. ಮೇಲೆ ಕೊಂಬೆಗಳ ಸಂಪರ್ಕ ಕಡಿದುಹೋದರೆ ಸಿಂಗಳೀಕ ರಸ್ತೆಗೆ ಇಳಿಯುತ್ತದೆ. ಇದನ್ನು ಸರಿಪಡಿಸಲು ನೂರಾರು ಕೋಟಿ ಬೇಕಿಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ಹಳೆಯ ಅಗ್ನಿಶಾಮಕ ಪೈಪುಗಳನ್ನು ಮರದಿಂದ ಮರಕ್ಕೆ ಕಟ್ಟಿದ್ದಾರೆ, ಸಿಂಗಳೀಕಗಳು ಅವುಗಳ ಮೇಲೆ ದಾಟುತ್ತವೆ.

ಲೋಕೋಪಯೋಗಿ ಮತ್ತು ಅರಣ್ಯ ಇಲಾಖೆಗಳು ಘಟ್ಟದ ರಸ್ತೆಗೆ ಟೆಂಡರ್ ಕರೆಯುವ ಮೊದಲೇ ಒಟ್ಟಿಗೆ ನಡೆದು ಪ್ರಾಣಿಗಳ ಜಾಡು ಗುರುತಿಸಲಿ, ಅಗಲದ ಮೋರಿಯನ್ನೂ ಮರದ ಮೇಲಿನ ಸೇತುವೆಯನ್ನೂ ಅಂದಾಜುಪಟ್ಟಿಯಲ್ಲೇ ಸೇರಿಸಲಿ. ಬಂಡೀಪುರದ ಗೇಟು ಮಾತ್ರ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತಲೇ ಇರಲಿ.

– ಓದುಗ, ಗುಂಡ್ಲುಪೇಟೆ