ಬೀಗದ ಕೈ ಯಾರ ಕೈಲಿದೆ?

ಕೂತು ಮಾತಾಡೋಕೆ ಒಂದು ಜಾಗ ಬೇಕು. ಕೇಳೋಕೆ ಇದು ಸಣ್ಣ ಮಾತು. ಆದರೆ ಯಾರಿಗೆ ದೇವಸ್ಥಾನದ ಜಗಲಿ ಇಲ್ಲವೋ, ಯಾರು ಊರ ಚಾವಡಿ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೋ, ಯಾರು ಹೋಟೆಲಿನ ಹೊರಗೆ ನಿಂತು ಟೀ ಕುಡಿದು ತಮ್ಮ ಲೋಟ ತಾವೇ ತೊಳೆದಿಟ್ಟು ಬಂದರೋ, ಅವರನ್ನು ಕೇಳಿ. ಸೂರಿಲ್ಲದ ಜನಕ್ಕೆ ಮಾತೂ ಇಲ್ಲ ಅಂತ ಈ ವ್ಯವಸ್ಥೆ ಎಂದೋ ತೀರ್ಮಾನ ಮಾಡಿದೆ. ನಾಲ್ಕು ಜನ ಬಡವರು ಮರದ ಕೆಳಗೆ ಸೇರಿದರೆ ಅದು ಗುಂಪು, ಪೊಲೀಸರು ಬಂದು ಚದುರಿಸಬಹುದು. ಅದೇ ನಾಲ್ಕು ಜನ ತಮ್ಮ ಸ್ವಂತ ಸೂರಿನ ಕೆಳಗೆ ಸೇರಿದರೆ ಅದು ಸಭೆ. ಗುಂಪು ಸಭೆಯಾಗುವುದಕ್ಕೆ ಹೆದರುವವರು ಮೊದಲು ಸೂರಿಗೇ ಬೆಂಕಿ ಇಡುತ್ತಾರೆ.

ಈ ಮಾತಿಗೆ ಸಾಕ್ಷಿಯಾಗಿ ಈ ಸಲ ದೂರದ ಒಂದು ಹಳ್ಳಿಯ ಕಥೆ ಹೇಳುತ್ತೇವೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹೋಮ್ಸ್ ಕೌಂಟಿಯಲ್ಲಿ ಮೈಲ್‌ಸ್ಟನ್ ಅನ್ನೋ ಕರಿಯರ ಹಳ್ಳಿ. ಅಷ್ಟು ದೂರ ಯಾಕೆ ಹೋಗಬೇಕು ಅಂತೀರಾ? ಆ ದಾರಿ ನಾವು ಹೊಸದಾಗಿ ಹಾಕಿದ್ದಲ್ಲ. 1946ರಲ್ಲೇ ಬಾಬಾಸಾಹೇಬರು ಅಮೆರಿಕದ ಕರಿಯರ ನಾಯಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಹೆಸರನ್ನು ತಂದದ್ದೂ ಅಲ್ಲಿಂದಲೇ. ಅವರ ಕೇರಿಯ ಕಥೆ ಕೇಳಿದರೆ ನಮ್ಮ ಕೇರಿ ಇನ್ನಷ್ಟು ಚೆನ್ನಾಗಿ ಕಾಣುತ್ತದೆ.

ಮಿಸಿಸಿಪ್ಪಿಯ ಡೆಲ್ಟಾ ಹತ್ತಿ ಬೆಳೆಯುವ ಕರಿ ಮಣ್ಣಿನ ನಾಡು. ಗುಲಾಮಗಿರಿ 1865ರಲ್ಲಿ ಕಾನೂನಿನಿಂದ ಹೋಯಿತು, ಹೊಲದಿಂದ ಹೋಗಲಿಲ್ಲ. ಬಿಳಿ ಧಣಿಯ ಹೊಲದಲ್ಲಿ ಕೋರು ಬೇಸಾಯ. ಬಿತ್ತನೆ ಬೀಜ ಧಣಿಯದು, ಗುಡಿಸಲು ಧಣಿಯದು, ಹಿಟ್ಟು ಉಪ್ಪಿಗೆ ಸಾಲ ಕೊಡೋ ಅಂಗಡಿಯೂ ಧಣಿಯದು. ಲೆಕ್ಕದ ಪುಸ್ತಕ ಮಾತ್ರ ಕರಿಯನ ಕಣ್ಣಿಗೆ ಬೀಳುತ್ತಿರಲಿಲ್ಲ. ಹತ್ತಿ ಬಿಡಿಸಿ ವರ್ಷದ ಲೆಕ್ಕಕ್ಕೆ ನಿಂತರೆ ಬಾಕಿ ಇವನ ತಲೆ ಮೇಲೇ. ಜೀತ ಅಂದರೇನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ನರಕದ ನಡುವೆ ಮೈಲ್‌ಸ್ಟನ್‌ನಲ್ಲಿ ಮಾತ್ರ ಬೇರೆಯೊಂದು ನಡೆಯಿತು. ರೂಸ್‌ವೆಲ್ಟ್ ಸರ್ಕಾರದ ಕಾಲದಲ್ಲಿ, 1940ರ ಹೊತ್ತಿಗೆ, ಕೃಷಿ ಭದ್ರತಾ ಇಲಾಖೆಯೊಂದು ಅಲ್ಲಿನ ಹತ್ತಿ ಎಸ್ಟೇಟುಗಳನ್ನು ಕೊಂಡು, ಹೋಳು ಮಾಡಿ, ಕರಿಯ ಕೋರುಗಾರರಿಗೆ ಕಡಿಮೆ ಬಡ್ಡಿಯ ದೀರ್ಘ ಸಾಲದ ಮೇಲೆ ಹಂಚಿತು. ಮನೆ, ಶಾಲೆ, ಸಹಕಾರಿ ಅಂಗಡಿ, ಹತ್ತಿ ಹಿಂಜುವ ಮಿಲ್ಲು ಸಹ ಬಂದವು. ಇಡೀ ದಕ್ಷಿಣಕ್ಕೆ ಹೋಲಿಸಿದರೆ ಇದು ಸಮುದ್ರದಲ್ಲಿ ಒಂದು ಬೊಗಸೆ ನೀರು. ಆದರೂ ಒಂದಿಷ್ಟು ಕುಟುಂಬಗಳು ಸಾಲ ತೀರಿಸಿ ಹೊಲದ ಒಡೆಯರಾದವು. ಆ ಒಂದು ಬೊಗಸೆ ನೀರು ಇಪ್ಪತ್ತು ವರ್ಷ ಕಳೆದ ಮೇಲೆ ಏನು ಮಾಡಿತು ನೋಡಿ.

ಮಿಸಿಸಿಪ್ಪಿಯಲ್ಲಿ ಕರಿಯ ಓಟು ಹಾಕಬೇಕಾದರೆ ಮೊದಲು ಕೋರ್ಟು ಕಟ್ಟಡಕ್ಕೆ ಹೋಗಿ ಪರೀಕ್ಷೆ ಬರೆಯಬೇಕಿತ್ತು. ರಾಜ್ಯ ಸಂವಿಧಾನದ ಒಂದು ಕಲಮು ಓದಿ ಅದರ ಅರ್ಥ ಬರೆಯಬೇಕು. ಸರಿಯೋ ತಪ್ಪೋ ಅಂತ ಹೇಳೋನು ಬಿಳಿಯ ಅಧಿಕಾರಿ. ಸಾಲದ್ದಕ್ಕೆ, ಅರ್ಜಿ ಹಾಕಿದವರ ಹೆಸರನ್ನು ಎರಡು ವಾರ ಸ್ಥಳೀಯ ಪೇಪರಿನಲ್ಲಿ ಅಚ್ಚು ಹಾಕಬೇಕು ಅಂತ 1962ರಲ್ಲಿ ಕಾನೂನನ್ನೇ ಮಾಡಿದರು. ಯಾಕೆ ಗೊತ್ತಾ? ಯಾರನ್ನು ಕೆಲಸದಿಂದ ತೆಗೀಬೇಕು, ಯಾರನ್ನು ಗುಡಿಸಲಿನಿಂದ ಹೊರಹಾಕಬೇಕು, ಯಾರ ಮನೆಗೆ ಬೆಂಕಿ ಇಡಬೇಕು ಅನ್ನೋದು ಧಣಿಗಳಿಗೆ ಸುಲಭವಾಗಿ ತಿಳಿಯಲಿ ಅಂತ.

1963ರ ಏಪ್ರಿಲ್ 9ರಂದು ಹೋಮ್ಸ್ ಕೌಂಟಿಯ ಹದಿನಾಲ್ಕು ಜನ ಕರಿಯರು ಲೆಕ್ಸಿಂಗ್ಟನ್ ಪಟ್ಟಣದ ಕೋರ್ಟಿಗೆ ಹೋದರು. ಎಲ್ಲರಿಗಿಂತ ಮುಂದೆ ನಿಂತವರು ಹಾರ್ಟ್‌ಮನ್ ಟರ್ನ್‌ಬೋ ಎಂಬ ಮೈಲ್‌ಸ್ಟನ್ ರೈತ. ಒಂದು ತಿಂಗಳು ಕಳೆಯುವುದರೊಳಗೆ, ಮೇ ತಿಂಗಳ ಒಂದು ರಾತ್ರಿ, ಅವರ ಮನೆಗೆ ಬೆಂಕಿ ಬಾಂಬು ಬಿತ್ತು. ಅವರು ಬಂದೂಕು ಹಿಡಿದು ಹೊರಬಂದು ಬಂದವರನ್ನು ಓಡಿಸಿದರು. ಬೆಳಗಾದ ಮೇಲೆ ಪೊಲೀಸರು ಹಿಡಿದದ್ದು ಯಾರನ್ನು? ತನ್ನ ಮನೆಗೆ ತಾನೇ ಬೆಂಕಿ ಇಟ್ಟುಕೊಂಡ ಅಂತ ಟರ್ನ್‌ಬೋ ಅವರನ್ನೇ! ಕೇಸು ನಿಲ್ಲಲಿಲ್ಲ, ಆ ಮಾತು ಬೇರೆ. ಗುಡಿಸಲು ಸುಟ್ಟುಕೊಂಡವರ ಮೇಲೇ ಕೇಸು ಹಾಕೋ ಪದ್ಧತಿ ನಮ್ಮ ದೇಶದ ಪೊಲೀಸರು ಮಾತ್ರ ಕಂಡುಹಿಡಿದದ್ದಲ್ಲ ಅಂತ ತಿಳಿಯಿರಿ.

ಈ ರೈತರು ಯಾಕೆ ಬಗ್ಗಲಿಲ್ಲ? ಅಕ್ಕಪಕ್ಕದ ಎಸ್ಟೇಟಿನ ಕೋರುಗಾರ ಅರ್ಜಿ ಹಾಕಿದರೆ ಅದೇ ಸಂಜೆ ಬೀದಿಪಾಲು. ಮೈಲ್‌ಸ್ಟನ್ ರೈತನನ್ನು ಅವನ ಹೊಲದಿಂದ ಹಾಗೆ ಎಬ್ಬಿಸೋಕೆ ಆಗುತ್ತಿರಲಿಲ್ಲ. ಧೈರ್ಯ ಎದೆಯಲ್ಲಿರುತ್ತದೆ ಅಂತಾರೆ, ನಿಜ. ಆದರೆ ಎದೆ ನಿಲ್ಲಬೇಕಾದರೆ ಕಾಲ ಕೆಳಗೆ ಸ್ವಂತ ನೆಲ ಬೇಕು. ಲೆಸ್ಟರ್ ಸಾಲಮನ್ ಎಂಬ ವಿದ್ವಾಂಸರು ಸರ್ಕಾರದಿಂದ ಹೀಗೆ ನೆಲ ಪಡೆದ ಕರಿಯ ಕುಟುಂಬಗಳನ್ನು ಹುಡುಕಿಕೊಂಡು ಹೋಗಿ ಅಧ್ಯಯನ ಮಾಡಿ 1979ರಲ್ಲಿ ಪ್ರಕಟಿಸಿದರು. ಅವರಿಗೆ ಕಂಡದ್ದೂ ಇದೇ: ನೆಲ ಸಿಕ್ಕಿದವರೇ ಮುಂದೆ ಹಕ್ಕಿನ ಹೋರಾಟದ ಮುಂಚೂಣಿಯಲ್ಲಿ ನಿಂತರು.

1964ರ ಬೇಸಿಗೆಯಲ್ಲಿ ಬೇರೆ ರಾಜ್ಯಗಳಿಂದ ನೂರಾರು ವಿದ್ಯಾರ್ಥಿಗಳು ಓಟಿನ ಹಕ್ಕಿನ ಕೆಲಸಕ್ಕೆ ಮಿಸಿಸಿಪ್ಪಿಗೆ ಬಂದರು. ಜೂನ್ 21ರಂದು ಚೇನಿ, ಗುಡ್‌ಮನ್, ಶ್ವೆರ್ನರ್ ಎಂಬ ಮೂವರು ಯುವಕರನ್ನು ಕೊಂದು ಮಣ್ಣಿನಲ್ಲಿ ಹೂತುಹಾಕಿದರು. ಆ ಒಂದೇ ಬೇಸಿಗೆಯಲ್ಲಿ ಮೂವತ್ತಕ್ಕೂ ಹೆಚ್ಚು ಕರಿಯರ ಚರ್ಚುಗಳು ಸುಟ್ಟುಹೋದವು, ಇಲ್ಲ ಬಾಂಬಿಗೆ ತುತ್ತಾದವು. ಚರ್ಚನ್ನೇ ಯಾಕೆ ಹುಡುಕಿ ಸುಟ್ಟರು? ಕರಿಯರು ಸಭೆ ಸೇರೋಕೆ ಇದ್ದ ಸೂರು ಅದೊಂದೇ.

ಇಂಥ ಬೇಸಿಗೆಯಲ್ಲೇ ಮೈಲ್‌ಸ್ಟನ್ ಜನ ತಮಗೊಂದು ಸಮುದಾಯ ಭವನ ಬೇಕು ಅಂತ ಹೊರಟರು. ಏಬ್ ಓಶೆರಾಫ್ ಎಂಬ ಬಡಗಿ ಕ್ಯಾಲಿಫೋರ್ನಿಯಾದಿಂದ ಬಂದರು. ಸ್ಪೇನಿನಲ್ಲಿ ಫ್ಯಾಸಿಸ್ಟರ ವಿರುದ್ಧ ಬಂದೂಕು ಹಿಡಿದಿದ್ದ ಮನುಷ್ಯ. ಗೆಳೆಯರ ಹತ್ತಿರ ಸುಮಾರು ಇಪ್ಪತ್ತು ಸಾವಿರ ಡಾಲರು ಎತ್ತಿಕೊಂಡು, ಉಳಿ ಸುತ್ತಿಗೆ ಹಿಡಿದುಕೊಂಡು ಬಂದರು. ಅವರ ಕಾರಿಗೆ ಬಾಂಬಿಟ್ಟರು. ಅವರು ಕಾರಿನ ಚಿಂತೆ ಬಿಟ್ಟು ಗರಗಸ ಎತ್ತಿಕೊಂಡರು. ಊರ ರೈತರು ಹಗಲು ಅವರ ಜೊತೆ ದುಡಿದರು, ರಾತ್ರಿ ಸರದಿ ಹಾಕಿಕೊಂಡು ಬಂದೂಕು ಹಿಡಿದು ಕಟ್ಟಡ ಕಾದರು. ಹೊರಗಿನಿಂದ ಬಂದ ಹುಡುಗ ಹುಡುಗಿಯರಿಗೆ ಊಟ, ಮಲಗೋಕೆ ಜಾಗ ಊರ ಮನೆಗಳಲ್ಲೇ. ಹಣ ಹೊರಗಿನದು, ಬೆವರು ಇಬ್ಬರದೂ, ಕಾವಲು ಊರಿನದು. ಹೀಗೆ ಎದ್ದದ್ದು ಹೋಮ್ಸ್ ಕೌಂಟಿ ಸಮುದಾಯ ಭವನ.

ಬೇಸಿಗೆ ಮುಗಿಯಿತು. ಬಂದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ತಮ್ಮ ತಮ್ಮ ಕಾಲೇಜಿಗೆ ಹೊರಟರು. ನಿಜವಾದ ಪರೀಕ್ಷೆ ಶುರುವಾದದ್ದು ಆಮೇಲೆ. ಕಟ್ಟೋದು ಒಂದು ಬೇಸಿಗೆಯ ಕೆಲಸ, ನಡೆಸೋದು ದಿನದಿನದ ಕೆಲಸ. ಮೈಲ್‌ಸ್ಟನ್ ಜನ ಭವನಕ್ಕೆ ಬೀಗ ಹಾಕಿ ಹಬ್ಬಕ್ಕೊಮ್ಮೆ ತೆಗೆಯಲಿಲ್ಲ. ಮಕ್ಕಳಿಗೆ ಶಿಶುವಿಹಾರ ಇಟ್ಟರು, ಪುಸ್ತಕಗಳ ಲೈಬ್ರರಿ ಇಟ್ಟರು. ವಾರವಾರ ಸಭೆ ಸೇರಿದರು. ಯಾರು ಕೋರ್ಟಿಗೆ ಹೋದರು, ಯಾರಿಗೆ ತೊಂದರೆ ಬಂತು, ಮುಂದಿನ ವಾರ ಯಾರ ಸರದಿ ಅನ್ನೋದೆಲ್ಲ ಇಂಥ ಸಭೆಗಳಲ್ಲೇ ತೀರ್ಮಾನ. ಮಗು ಅಕ್ಷರ ಕಲಿಯೋ ಜಾಗದಲ್ಲೇ ಅಜ್ಜ ತನ್ನ ಓಟಿನ ಫಾರಂ ಬಗ್ಗೆ ಕೇಳಿ ತಿಳಿದ. ಬಳಕೆಯಲ್ಲಿರೋ ಮನೆಗೆ ಗೆದ್ದಲು ಹತ್ತೋದಿಲ್ಲ ಅಂತಾರಲ್ಲ, ಹಾಗೆ.

1965ರಲ್ಲಿ ಓಟಿನ ಹಕ್ಕಿನ ಕಾಯ್ದೆ ಬಂತು. 1967ರಲ್ಲಿ ಹೋಮ್ಸ್ ಕೌಂಟಿಯ ಕರಿಯರು ತಮ್ಮ ನಡುವಿನ ಶಾಲಾ ಮೇಷ್ಟ್ರು ರಾಬರ್ಟ್ ಕ್ಲಾರ್ಕ್ ಅವರನ್ನು ಮಿಸಿಸಿಪ್ಪಿ ವಿಧಾನಸಭೆಗೆ ಗೆಲ್ಲಿಸಿ ಕಳಿಸಿದರು. ಇಪ್ಪತ್ತನೇ ಶತಮಾನದಲ್ಲಿ ಆ ಸಭೆಯೊಳಗೆ ಕಾಲಿಟ್ಟ ಮೊದಲ ಕರಿಯ ಶಾಸಕ. ಇಬ್ಬರು ಕೂರೋ ಮೇಜಿನಲ್ಲಿ ಅವರ ಪಕ್ಕ ಯಾವ ಬಿಳಿಯನೂ ಕೂರಲಿಲ್ಲ, ಒಬ್ಬರೇ ಕೂತರು. ಅದೇ ಸಭೆಯಲ್ಲಿ 1992ರಲ್ಲಿ ಸ್ಪೀಕರ್ ಪ್ರೊ ಟೆಮ್ ಆಗಿ, ಅಂದರೆ ಸಭಾಧ್ಯಕ್ಷರ ಕೆಳಗಿನ ಸ್ಥಾನದಲ್ಲಿ, ಕೂತರು. 2025ರಲ್ಲಿ ತೀರಿಕೊಂಡರು. ಹಳ್ಳಿಯ ಸೂರಿನಿಂದ ರಾಜಧಾನಿಯ ಸಭೆಗೆ ದಾರಿ ಹೀಗೆ ಬಿತ್ತು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಅದಕ್ಕೂ ಹಿಂದೆ, 1912ರಿಂದ 1932ರವರೆಗೆ, ದಕ್ಷಿಣದ ಹದಿನೈದು ರಾಜ್ಯಗಳಲ್ಲಿ ಕರಿಯ ಮಕ್ಕಳಿಗಾಗಿ ಐದು ಸಾವಿರದ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳು ಎದ್ದವು. ಹೆಚ್ಚಿನವು ಶಾಲೆಗಳು. ಶಾಲೆ ಬಿಟ್ಟ ಮೇಲೆ ಅವೇ ಊರಿನ ಸಭಾಭವನ. ಜೂಲಿಯಸ್ ರೋಸನ್‌ವಾಲ್ಡ್ ಎಂಬ ಸಾಹುಕಾರ, ಬುಕರ್ ಟಿ. ವಾಷಿಂಗ್ಟನ್ ಜೊತೆ ಸೇರಿ ಹಾಕಿದ ಯೋಜನೆ. ನೀವಷ್ಟು ಹಾಕಿ, ನಾನಿಷ್ಟು ಹಾಕುತ್ತೇನೆ ಅನ್ನೋದು ಷರತ್ತು. ಬಡ ಕರಿಯರು ಮೀನು ಹುರಿದು ಮಾರಿ ಕಾಸು ಕೂಡಿಸಿದರು. ಒಂದು ತುಂಡು ಹೊಲದ ಹತ್ತಿಯನ್ನು ಶಾಲೆಗೆಂದೇ ಬೆಳೆದರು. ಮರ ಕಡಿದು ಹೊತ್ತು ತಂದರು. ಹೀಗೆ ಅವರು ಕೊಟ್ಟದ್ದು 47 ಲಕ್ಷ ಡಾಲರು, ಸಾಹುಕಾರನ ನಿಧಿ ಕೊಟ್ಟದ್ದಕ್ಕಿಂತ ಹೆಚ್ಚು! ತೆರಿಗೆ ಕಟ್ಟಿ ಒಮ್ಮೆ ಕೊಟ್ಟವರೇ ವಂತಿಗೆ ಎತ್ತಿ ಇನ್ನೊಮ್ಮೆ ಕೊಟ್ಟರು. ಆದರೆ ಶಾಲೆಗೆ ಬಂದ ಹೆಸರು ರೋಸನ್‌ವಾಲ್ಡ್ ಶಾಲೆ. ಅದಕ್ಕಿಂತ ದೊಡ್ಡ ಮೋಸ ಕಾಗದದಲ್ಲಿತ್ತು. ನೆಲ, ಕಟ್ಟಡ ಎರಡನ್ನೂ ಬಿಳಿಯರ ಕೈಯಲ್ಲಿದ್ದ ಶಾಲಾ ಮಂಡಳಿಯ ಹೆಸರಿಗೆ ಬರೆದುಕೊಡಬೇಕಿತ್ತು. ಮುಂದೆ ಮಂಡಳಿಗಳು ಆ ಶಾಲೆಗಳನ್ನು ಮುಚ್ಚಿದಾಗ, ಮಾರಿದಾಗ, ಬೆವರು ಸುರಿಸಿ ಕಟ್ಟಿದವರು ರಸ್ತೆಯಲ್ಲಿ ನಿಂತು ನೋಡಬೇಕಾಯಿತು.

ಗೆಳೆಯರೇ, ಈಗ ನಿಮ್ಮ ನಿಮ್ಮ ಕೇರಿಯ ಅಂಬೇಡ್ಕರ್ ಭವನವನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ಇದ್ದರೆ ಹೇಗಿದೆ? ಶಂಕುಸ್ಥಾಪನೆಯ ಕಲ್ಲು ಹೊಳೆಯುತ್ತಾ ಇರುತ್ತದೆ. ಶಾಸಕರ ಹೆಸರು, ಮಂತ್ರಿಯ ಹೆಸರು, ಕೊನೆಗೆ ಕಂಟ್ರಾಕ್ಟರನ ಹೆಸರು. ಮಣ್ಣು ಹೊತ್ತ ನಮ್ಮ ತಾಯಂದಿರ ಹೆಸರು ಎಲ್ಲೂ ಇಲ್ಲ. ಗೋಡೆ ಎದ್ದಿದ್ದರೆ ತಾರಸಿ ಇಲ್ಲ, ತಾರಸಿ ಇದ್ದರೆ ಕರೆಂಟಿಲ್ಲ, ಎಲ್ಲ ಇದ್ದರೆ ಬಾಗಿಲಿಗೆ ಬೀಗ. ಬೀಗದ ಕೈ ಪಂಚಾಯ್ತಿ ಮೆಂಬರ ಮನೆಯಲ್ಲಿ. ಒಳಗೆ ಯಾರದೋ ಸಿಮೆಂಟು ಮೂಟೆ. ವರ್ಷಕ್ಕೊಮ್ಮೆ ಏಪ್ರಿಲ್ 14ಕ್ಕೆ ಸುಣ್ಣ, ಹಾರ, ಮೈಕು. ಏಪ್ರಿಲ್ 15ಕ್ಕೆ ಮತ್ತೆ ಬೀಗ. ಎಲ್ಲ ಕಡೆ ಹೀಗಿಲ್ಲ. ಮಕ್ಕಳು ಓದೋ, ಹೆಂಗಸರ ಸಂಘ ಸೇರೋ ಭವನಗಳೂ ಇವೆ. ಆದರೆ ನೀವು ಕಂಡದ್ದು ಯಾವುದು ಹೆಚ್ಚು ಅಂತ ನೀವೇ ಹೇಳಿ.

ಸರ್ಕಾರದ ಹಣ ಬೇಡ ಅಂತ ನಾವು ಹೇಳುತ್ತಿಲ್ಲ. ಅದು ಯಾರ ಭಿಕ್ಷೆಯೂ ಅಲ್ಲ. ಬೆಂಕಿಪೊಟ್ಟಣದಿಂದ ಹಿಡಿದು ಬಟ್ಟೆಯವರೆಗೆ ತೆರಿಗೆ ಕೊಟ್ಟ ಕೂಲಿಯವರ ಹಣ. ಬಡವರು ಎರಡೆರಡು ಸಲ ಯಾಕೆ ಕೊಡಬೇಕು? ಆದರೆ ಹಣ ಎಲ್ಲಿಂದಲೇ ಬರಲಿ, ಮೂರು ಪ್ರಶ್ನೆ ಬಿಡಬೇಡಿ. ನೆಲ ಯಾರ ಹೆಸರಿನಲ್ಲಿದೆ? ಬೀಗದ ಕೈ ಯಾರ ಕೈಲಿದೆ? ಒಳಗೆ ದಿನಾ ಏನು ನಡೆಯುತ್ತದೆ? ಈ ಮೂರಕ್ಕೂ ಉತ್ತರ ಕೇರಿಯೊಳಗೇ ಸಿಕ್ಕಿದರೆ ಅದು ಭವನ. ಇಲ್ಲದಿದ್ದರೆ ಅದು ನಮ್ಮ ಹೆಸರಿನಲ್ಲಿ ಕಟ್ಟಿದ ಬೇರೆಯವರ ಗೋಡೌನು.

ಭವನದ ನೆಲದ ಪ್ರಶ್ನೆಗಿಂತ ಹಿಂದೆ ಹೊಟ್ಟೆಯ ನೆಲದ ಪ್ರಶ್ನೆ ಇದೆ. ಮೈಲ್‌ಸ್ಟನ್ ಕಲಿಸೋದೇ ಇದನ್ನು. ನಮ್ಮವರಿಗೆ ಮಂಜೂರಾದ ಜಮೀನು ಕಂಡವರ ಪಾಲಾಗಬಾರದು ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಅರ್ಜಿ ತಡವಾಗಿ ಬಂದಿದೆ ಅನ್ನೋ ಕಾರಣಕ್ಕೆ 2017ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ನಮ್ಮವರ ವಿರುದ್ಧ ಹೋಯಿತು. ಕಾಲಮಿತಿ ಇಲ್ಲ ಅಂತ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತರಿಸಬೇಕಾಯಿತು. ನಿಮ್ಮ ಅಜ್ಜನಿಗೆ ಮಂಜೂರಾದ ಎರಡು ಎಕರೆ ಈಗ ಯಾರ ಪಹಣಿಯಲ್ಲಿದೆ ಅಂತ ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಗೌಡನ ಹೊಲದಲ್ಲಿ ಕೂಲಿ ಮಾಡೋ ಅಪ್ಪ ಗೌಡನ ವಿರುದ್ಧದ ಸಭೆಗೆ ಬಂದು ಕೂರಲಿಲ್ಲ ಅಂತ ಅವನನ್ನು ಹೇಡಿ ಅನ್ನಬೇಡಿ. ಅವನ ಕಾಲ ಕೆಳಗಿನ ನೆಲ ಯಾರದು ಅಂತ ಮೊದಲು ಕೇಳಿ.

ಹಾಸ್ಟೆಲ್ ಹುಡುಗರು ಹುಡುಗಿಯರು ನಾವೇನು ಮಾಡೋಕಾಗುತ್ತೆ ಅನ್ನಬೇಡಿ. ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಆ ಸಭಾ ಮೊದಮೊದಲು ಹಿಡಿದ ಕೆಲಸಗಳಲ್ಲಿ ಒಂದು 1925ರಲ್ಲಿ ಸೊಲ್ಲಾಪುರದಲ್ಲಿ ತೆರೆದ ಹಾಸ್ಟೆಲು. ಮಲಗೋಕೆ ಮಾತ್ರ ಆಗಿದ್ದರೆ ಒಂದು ಛತ್ರ ಸಾಕಿತ್ತು. ಓದಿದವರು ತಯಾರಾಗಿ ಕೇರಿಗೆ ವಾಪಸ್ಸು ಹೋಗಲಿ ಅಂತ ಹಾಸ್ಟೆಲು.

ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಪಂಚಾಯ್ತಿ ಆಫೀಸಿಗೆ ಹೋಗಿ ಭವನದ ಜಾಗದ ಖಾತೆ ಕೇಳಿ, ನಕಲು ತೆಗೆಸಿ. ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬಂದ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಭವನದ ಗೋಡೆ ಮೇಲೆ ಬರೆಯಿರಿ. ಯಜಮಾನರನ್ನು, ತಾಯಂದಿರನ್ನು, ದುಡಿಯೋ ಹುಡುಗರನ್ನು ಸೇರಿಸಿ ಸಮಿತಿ ಮಾಡಿ. ಅರ್ಧ ಜನ ಹೆಂಗಸರಿರಲಿ, ಅವರು ಚಾಪೆ ಹಾಸೋಕಲ್ಲ, ಲೆಕ್ಕ ಹಿಡಿಯೋಕೆ. ಸಂಜೆ ಎರಡು ಗಂಟೆ ಮಕ್ಕಳಿಗೆ ಪಾಠ ಹೇಳಿ. ನೀವು ಓದಿ ಮುಗಿಸಿದ ಪುಸ್ತಕ ರದ್ದಿಗೆ ಹಾಕದೆ ಅಲ್ಲಿಡಿ. ಮನೆಗೆ ಹತ್ತು ರೂಪಾಯಿ ವಂತಿಗೆ ಎತ್ತಿ, ಬಲ್ಬು ಹೋದರೆ ಶಾಸಕರಿಗೆ ಅರ್ಜಿ ಬರೆಯೋ ಗತಿ ಬರಬಾರದು. ಹೊಲೆಯರ ಭವನ, ಮಾದಿಗರ ಭವನ ಅಂತ ಬಾಗಿಲು ಬೇರೆ ಮಾಡೋರು ಬಂದರೆ ಅವರನ್ನು ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿಸಿ.

ಮೊದಲ ವಾರ ಹತ್ತು ಜನ ಬರುತ್ತಾರೆ. ಎರಡನೇ ವಾರ ಐದು ಜನ. ಮೂರನೇ ವಾರ ನೀವೊಬ್ಬರೇ ಇರಬಹುದು. ಆವತ್ತೂ ಬಾಗಿಲು ತೆಗೆಯಿರಿ, ದೀಪ ಹಾಕಿ, ಕಸ ಗುಡಿಸಿ ಕೂತಿರಿ. ತೆರೆದ ಬಾಗಿಲು ಕಂಡರೆ ಜನ ಬಂದೇ ಬರುತ್ತಾರೆ.

ಜೈಭೀಮ್.